ಎರಡನೇ ಸಲ ಬಿಟ್ಟ ಗಾಳಿ

ಕತಾರಿನಲ್ಲಿ ಫುಟ್‌ಬಾಲ್ ವಿಶ್ವಕಪ್ ನಡೆದ ಚಳಿಗಾಲವೋ ಅದರ ಹಿಂದಿನದೋ, ಖಚಿತವಾಗಿ ಹೇಳಲಾರೆ. ಮೋಡ ಕವಿದಿತ್ತು ಎಂದು ಡೈರಿಯಲ್ಲಿ ಬರೆದಿದ್ದೇನೆ. ನೆನಪಿನಲ್ಲಿರುವುದು ಕಣ್ಣು ಕುಕ್ಕುವ ಬಿಸಿಲು. ಯಾವುದನ್ನು ನಂಬಬೇಕೋ ತಿಳಿಯದು.

ನನ್ನ ಗಂಡ ನಿವೃತ್ತರಾದ ಮೇಲೆ ನಾವು ಮಗಳ ವೀಸಾದ ಮೇಲೆ ದೋಹಾದಲ್ಲೇ ಉಳಿದೆವು. ಚಳಿ ಶುರುವಾದರೆ ಹಳೆಯ ಜೀಪಿಗೆ ಡೇರೆ, ಗ್ಯಾಸ್ ಒಲೆ, ಚಿತ್ರಾನ್ನದ ಡಬ್ಬಿ ತುಂಬಿಕೊಂಡು ಮರುಭೂಮಿಗೆ ಹೊರಡುತ್ತಿದ್ದೆವು. "ಮುದುಕರ ಹನಿಮೂನ್" ಎಂದು ಮಗಳು ಛೇಡಿಸುತ್ತಿದ್ದಳು.

ಆಗೆಲ್ಲ ದಾರಿ ತಪ್ಪುವುದು ಯಾರಿಗೂ ಅವಮಾನವೆನಿಸುತ್ತಿರಲಿಲ್ಲ. ವಿಶ್ವಕಪ್‌ಗೆಂದು ಊರನ್ನೇ ಅಗೆದು ಹೊಸ ರಸ್ತೆ ಹಾಕುತ್ತಿದ್ದರು. ನಿನ್ನೆಯ ತಿರುವು ಇವತ್ತು ಇರುತ್ತಿರಲಿಲ್ಲ. ಇವರು ತಪ್ಪು ಕಡೆ ತಿರುಗಿದಾಗಲೆಲ್ಲ ಫುಟ್‌ಬಾಲನ್ನು ಬೈಯುತ್ತಿದ್ದರು. ನಾನೂ ದನಿಗೂಡಿಸುತ್ತಿದ್ದೆ.

ಮರಳಿಗೆ ಇಳಿಯುವ ಮೊದಲು ಟೈರುಗಳ ಗಾಳಿ ಅರ್ಧದಷ್ಟು ಬಿಡಬೇಕು, ಇಲ್ಲದಿದ್ದರೆ ಚಕ್ರ ಹೂತುಹೋಗುತ್ತದೆ. ಅಂದು ಡಾಂಬರು ಮುಗಿಯುವಲ್ಲಿ ಅವರು ಮಂಡಿಯೂರಿ ನಾಲ್ಕೂ ಟೈರಿನ ಗಾಳಿ ಬಿಟ್ಟರು. ದಿಬ್ಬಗಳನ್ನು ದಾಟಿ, ಸಮುದ್ರ ಮರಳಿನೊಳಕ್ಕೆ ಚಾಚಿಕೊಂಡಿರುವ ಕಡೆ ಜೀಪು ನಿಲ್ಲಿಸಿ ಚಹಾ ಕುಡಿದೆವು. ನಾನು ಲೋಟ ತೊಳೆಯುತ್ತಿದ್ದಾಗ ಹಿಂದಿನಿಂದ ಮತ್ತೆ ಸುಸ್ಸೆಂಬ ಸದ್ದು.

"ಏನ್ರೀ ಮಾಡ್ತಿದ್ದೀರಿ?"

"ಗಾಳಿ ಬಿಡ್ತಿದ್ದೀನಿ. ಮರಳಲ್ಲಿ ಹೋಗೋದು ಬೇಡ್ವಾ?"

"ಆಗ್ಲೇ ಬಿಟ್ರಲ್ಲ!"

"ಯಾವಾಗ?" ತಲೆಯೆತ್ತಿ ನಕ್ಕರು. "ನಿನಗೆ ವಯಸ್ಸಾಯ್ತು ಕಣೇ. ಒಂದು ಮುಗೀತು, ಇನ್ನು ಮೂರು. ಯಲ್ಲಾ, ನಡಿ ನಡಿ, ನೀನು ಡಬ್ಬಿ ತುಂಬು."

ಅವರು ಮುಗಿಸಿದ್ದ ಟೈರು ನೆಲಕ್ಕೆ ಅಂಟಿಕೊಂಡಿತ್ತು. ಅದನ್ನು ತೋರಿಸಿದೆ. ಬೇರೆ ಯಾರೋ ಬಂದು ಹಾಳುಮಾಡಿ ಹೋದಂತೆ ಅವರು ಸುತ್ತಮುತ್ತ ನೋಡಿದರು. ಅಲ್ಲಿ ನಮ್ಮಿಬ್ಬರ ಹೊರತು ಯಾರೂ ಇರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ನೀರಿನ ಅಂಚು ನಮ್ಮ ಕಡೆಗೆ ಸರಿಯುತ್ತಿದೆ ಅನಿಸಿತು. ನಿಜವಾಗಿ ಸರಿಯುತ್ತಿತ್ತೋ ಇಲ್ಲವೋ.

ಆಮೇಲೆ ಅವರು ಪಂಪು ತೆಗೆದು ಬ್ಯಾಟರಿಗೆ ಜೋಡಿಸಿ, ಒಂದಿಷ್ಟೂ ತಡವರಿಸದೆ ಗಾಳಿ ತುಂಬಿದರು. ಕೈಗಳಿಗೆ ಎಲ್ಲ ನೆನಪಿತ್ತು. ಅದನ್ನು ಕಂಡು ಸಮಾಧಾನವಾಗಬೇಕಿತ್ತು, ಆಗಲಿಲ್ಲ.

ಡೇರೆ ಹಾಕುವುದು ಬೇಡವೆಂದು ನಾನೇ ಹಟ ಹಿಡಿದು ವಾಪಸು ಹೊರಡಿಸಿದೆ. ದೋಹಾ ಸೇರಿದ ಮೇಲೆ, ನಮ್ಮ ಮನೆಯಿರುವ ಅಲ್ ಮನ್ಸೂರಾ ಬಡಾವಣೆ ಬಿಟ್ಟು ಜೀಪು ಬಿನ್ ಮಹಮೂದ್‌ನ ಓಣಿಯೊಂದಕ್ಕೆ ನುಗ್ಗಿ, ನಾವು ಎಂದೋ ಖಾಲಿ ಮಾಡಿದ್ದ ಕಟ್ಟಡದ ಮುಂದೆ ನಿಂತಿತು. ಅವರು ಜೇಬಿನಲ್ಲಿ ಬೀಗದ ಕೈ ತಡಕಿದರು. 

"ಹಾಳು ಫುಟ್‌ಬಾಲು," ಎಂದರು, "ದಾರಿಯೆಲ್ಲ ಬದಲಾಯಿಸಿಬಿಟ್ಟಿದ್ದಾರೆ."

ಆ ಓಣಿಯಲ್ಲಿ ಮಾತ್ರ ಯಾರೂ ಏನನ್ನೂ ಅಗೆದಿರಲಿಲ್ಲ.

ಆ ರಾತ್ರಿ ನಾನು ಯೋಚಿಸಿದ್ದು ಇವರ ಅಪ್ಪನ ಬಗ್ಗೆ. ಮಾವನವರನ್ನು ನಾನು ನೋಡಿಲ್ಲ. ನಮ್ಮ ಮದುವೆಗೆ ಮೊದಲೇ ತೀರಿಕೊಂಡರು. ಹೃದಯದ ತೊಂದರೆ ಎಂದಷ್ಟೇ ಮನೆಯಲ್ಲಿ ಹೇಳುತ್ತಿದ್ದರು. ಆದರೆ ಮೈಸೂರಿನಲ್ಲಿರುವ ಇವರ ಅಕ್ಕ ಯಾವುದೋ ಮಾತಿನ ನಡುವೆ ಅಪ್ಪನ ಕೋಣೆಯ ಚಿಲಕದ ವಿಷಯ ಎತ್ತಿ, ತಟ್ಟನೆ ನಿಲ್ಲಿಸಿದ್ದು ನೆನಪು. ಅವರು ಹಾಗೆ ಅಂದರೋ, ನಾನೇ ಈಗ ಜೋಡಿಸಿಕೊಳ್ಳುತ್ತಿದ್ದೇನೋ.

ಮರುದಿನ ಅಕ್ಕನಿಗೆ ಫೋನ್ ಮಾಡಿ ಒಂದು ಪ್ರಶ್ನೆ ಕೇಳಿದೆ. "ಕುಕ್ಕರ್ ಕೂಗ್ತಿದೆ, ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಆಮೇಲೆ ಎಷ್ಟೋ ಸಲ ಮಾತಾಡಿದ್ದೇವೆ, ಮ್ಯಾಚಿನ ಬಗ್ಗೆ, ಮೊಮ್ಮಕ್ಕಳ ಬಗ್ಗೆ. ಅದೊಂದಕ್ಕೆ ಮಾತ್ರ ಇವತ್ತಿನವರೆಗೂ ಉತ್ತರವಿಲ್ಲ. ನಾನು ಕೇಳಿದ್ದು ಇಷ್ಟೇ:

"ಅಕ್ಕಾ, ಮಾವನವರ ಕೋಣೆಗೆ ಹೊರಗಿನಿಂದ ಚಿಲಕ ಯಾಕೆ ಹಾಕ್ತಿದ್ರಿ?"