ಯುಗಾದಿಯ ಎಣ್ಣೆನೀರು

ಗಂಟು ಕೈಗೆ ಸಿಕ್ಕಿದ್ದು ಬಚ್ಚಲಲ್ಲಿ, ಸೋಪು ಹಚ್ಚಿಕೊಳ್ಳುವಾಗ. ಎಡ ಎದೆಯಲ್ಲಿ, ಕಡಲೆಕಾಳಿನಷ್ಟು. ನೋವಿರಲಿಲ್ಲ. ನೋವಿಲ್ಲದ್ದಕ್ಕೆ ಯಾರು ಡಾಕ್ಟರ ಹತ್ತಿರ ಹೋಗುತ್ತಾರೆ ಎಂದು ಮೂರು ತಿಂಗಳು ಸುಮ್ಮನಿದ್ದೆ. ದಡ್ಡತನ.

ಕ್ಯಾನ್ಸರ್.

ಬೆಂಗಳೂರಿನಲ್ಲಿ ಆಪರೇಷನ್ ಆಯಿತು. ಎಡ ಎದೆ ಹೋಯಿತು. ಗಾಯ ಒಣಗಿದ ಮೇಲೆ ಐದು ವಾರ ರೇಡಿಯೇಷನ್. ನಮ್ಮ ಕಡೆ ಅದಕ್ಕೆ 'ಕರೆಂಟ್ ಕೊಡೋದು' ಅನ್ನುತ್ತಾರೆ. ಎದೆಯ ಮೇಲೆ ಕಿರಣ ಬೀಳಬೇಕಾದ ಜಾಗ ಗುರುತಿಸಿ ನೇರಳೆ ಶಾಯಿಯಲ್ಲಿ ಗೆರೆ ಎಳೆದ ಡಾಕ್ಟರು, "ಇದು ಅಳಿಸಬಾರದಮ್ಮ. ಎಣ್ಣೆ, ನೀರು ಏನೂ ಸೋಕಿಸಬೇಡಿ" ಎಂದಿದ್ದರು. ದಿನಾ ಬೆಳಿಗ್ಗೆ ನಮ್ಮೂರು ಕ್ಯಾತ್ಸಂದ್ರದಲ್ಲಿ ಬೆಂಗಳೂರಿನ ಟ್ರೈನ್ ಹತ್ತುತ್ತಿದ್ದೆ. ಮೆಷಿನ್ ಕೆಳಗೆ ಐದು ನಿಮಿಷ, ಮಿಕ್ಕ ದಿನವೆಲ್ಲ ಪ್ರಯಾಣ. ಅಂತರಸನಹಳ್ಳಿಯ ಫ್ಯಾಕ್ಟರಿಯಲ್ಲಿ ನಮ್ಮ ಯಜಮಾನರ ರಜೆ ಮುಗಿದುಹೋಗಿತ್ತು. ಒಬ್ಬಳೇ ಹೋಗಿ ಬರುತ್ತಿದ್ದೆ.

ಸುಸ್ತು ಶುರುವಾದದ್ದು ಎರಡನೆಯ ವಾರ. ಮಲಗಿದರೆ ಹೋಗುವ ಸುಸ್ತಲ್ಲ. ಅರ್ಧ ತಲೆ ಬಾಚಿ, ಬಾಚಣಿಗೆಯನ್ನು ಕೂದಲಲ್ಲೇ ಬಿಟ್ಟು ಕೂತುಬಿಡುತ್ತಿದ್ದೆ. ಜ್ವರವಿಲ್ಲ, ನೋವಿಲ್ಲ, ಹಾಗಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. "ಗಡ್ಡೆ ತೆಗ್ದಾಯ್ತಲ್ಲ, ಇನ್ನೇನು?" ಎನ್ನುತ್ತಿದ್ದರು ಯಜಮಾನರು. ಸಿಟ್ಟು ಬರುತ್ತಿತ್ತು. ಜಗಳವಾಡಲೂ ಶಕ್ತಿ ಬೇಕಲ್ಲ. ಮನೆಯಲ್ಲಿ ಜನರಿದ್ದರೂ ಆ ಸುಸ್ತಿನೊಳಗೆ ನಾನೊಬ್ಬಳೇ ಇದ್ದೆ. ಕುಣಿಗಲ್‌ನಿಂದ ಬಂದು ಅಡುಗೆಮನೆ ವಹಿಸಿಕೊಂಡಿದ್ದ ಅತ್ತೆಗಾಗಲಿ, ಗಂಡನಿಗಾಗಲಿ, ಆಪರೇಷನ್ ಆದ ಜಾಗವನ್ನು ನಾನು ತೋರಿಸಿರಲಿಲ್ಲ.

ಯುಗಾದಿಯ ದಿನ ಆಸ್ಪತ್ರೆಗೆ ರಜೆ. ಅತ್ತೆ ಹರಳೆಣ್ಣೆ ಬಿಸಿ ಮಾಡಿಕೊಂಡು ಬಂದರು.

"ಕರೆಂಟ್ ಕೊಟ್ಟೂ ಕೊಟ್ಟೂ ಮೈಯೆಲ್ಲ ಉಷ್ಣ ಏರೈತೆ ಕಣೇ. ಅದ್ಕೇ ಹಿಂಗೆ ಕುಂತಿರ್ತೀಯ. ಎಣ್ಣೆನೀರು ಹಾಕ್ತೀನಿ, ಬಾ."

"ಬ್ಯಾಡ ಅತ್ತೆ, ಡಾಕ್ಟ್ರು..." ಎಂದೆ. ಮುಂದಿನದನ್ನು ಹೇಳಬೇಕಿತ್ತು. ಆಗಲಿಲ್ಲ. ಹಬ್ಬದ ದಿನ ಎಣ್ಣೆ ಹಚ್ಚಿಸಿಕೊಳ್ಳದ ಸೊಸೆ ನಮ್ಮ ಮನೆಯಲ್ಲಿ ಇದ್ದದ್ದೇ ಇಲ್ಲ. ಬೇಡವೆಂದು ವಾದಿಸುವುದಕ್ಕಿಂತ ಮಣೆಯ ಮೇಲೆ ಕೂರುವುದು ಸುಲಭವಾಗಿತ್ತು. ಕೂತೆ.

ನೆತ್ತಿಗೆ ತಟ್ಟಿದ ಕೈ ಕುತ್ತಿಗೆಗೆ, ಹೆಗಲಿಗೆ ಇಳಿಯಿತು. ಸೆರಗು ಜಾರಿತು.

ಕೈ ನಿಂತಿತು.

"ಇಷ್ಟೊಂದು ಕುಯ್ದವ್ರೇನವ್ವ? ಒಂದ್ ಮಾತು ಹೇಳ್ಬಾರ್ದಾ?"

ನಾನು ಅತ್ತುಬಿಟ್ಟೆ. ಆರು ತಿಂಗಳಲ್ಲಿ ಮೊದಲ ಸಲ, ಒಬ್ಬರ ಎದುರಿಗೆ. ಅವರೂ ಮೂಗು ಒರೆಸಿಕೊಳ್ಳುತ್ತಾ ಬಿಸಿನೀರು ಹೊಯ್ದರು. ಬಚ್ಚಲ ಕಲ್ಲಿನ ಮೇಲೆ ನೇರಳೆ ನೀರು ಹರಿದಾಗಲೇ ನನಗೆ ಎಚ್ಚರವಾದದ್ದು. ಗೆರೆಗಳು ಹೋಗಿದ್ದವು. ವಿಷಯ ತಿಳಿದು ಅತ್ತೆ ಚೊಂಬು ಹಿಡಿದುಕೊಂಡೇ ಹೊಸ್ತಿಲ ಮೇಲೆ ಕುಸಿದರು.

ಮಾರನೆಯ ದಿನ ಟ್ರೈನಿನಲ್ಲಿ ನನ್ನ ಪಕ್ಕ ಅತ್ತೆ ಇದ್ದರು. ಬೇಡವೆಂದರೂ ಕೇಳಲಿಲ್ಲ.

ಡಾಕ್ಟರು ರೇಗಿದರು. "ಅಷ್ಟು ಹೇಳಿದ್ದೆನಲ್ಲಮ್ಮ! ಯಾಕೆ ಅಳಿಸಿಕೊಂಡ್ರಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಅತ್ತೆ ಮುಂದೆ ಬಂದರು.

"ಅಳಿಸ್ದೋಳು ನಾನು ಕಣಪ್ಪ. ಅವ್ಳನ್ನ ಬಯ್ಬ್ಯಾಡ. ಅವ್ಳು ಬಾಳ ಸುಸ್ತಾಗವ್ಳೆ."

ಸುಸ್ತು ಎಂಬ ಮಾತನ್ನು ನಮ್ಮ ಮನೆಯಲ್ಲೊಬ್ಬರ ಬಾಯಲ್ಲಿ ಕೇಳಿದ್ದು ಅದೇ ಮೊದಲು. ಡಾಕ್ಟರು ಮತ್ತೆ ಅಳತೆ ಹಿಡಿದು ಹೊಸದಾಗಿ ಗೆರೆ ಎಳೆದರು. ನಾನು ಸೂರು ನೋಡುತ್ತಾ ಆರಾಮಾಗಿ ಮಲಗಿದ್ದೆ.

ಚಿಕಿತ್ಸೆ ಮುಗಿದು ಎಂಟು ತಿಂಗಳಾಯಿತು. ಈಗ ತಲೆ ಪೂರ್ತಿ ಬಾಚಿಕೊಳ್ಳುತ್ತೇನೆ. ಸುಸ್ತು ಮಾತ್ರ ಇನ್ನೂ ಮಧ್ಯಾಹ್ನ ಹೇಳದೆ ಕೇಳದೆ ಬರುತ್ತದೆ. ಅತ್ತೆ ಕುಣಿಗಲ್‌ಗೆ ಹೋಗಿದ್ದಾರೆ. ಮನೆ ಬಿಕೋ ಎನ್ನುತ್ತದೆ. ಬಂದವರೆಲ್ಲ "ಈಗ ಹುಷಾರಾದ್ರಲ್ಲ" ಎಂದು ಹೇಳಿ ಹೋಗುತ್ತಾರೆ. ಅತ್ತೆಗೆ ಬರೆಯಲು ಬಾರದು. ಅಲ್ಲಿರುವ ಮೈದುನನ ಕೈಯಲ್ಲಿ ಇನ್‌ಲ್ಯಾಂಡ್ ಲೆಟರ್ ಬರೆಸುತ್ತಾರೆ. ಕೊನೆಯ ಸಾಲು ಪ್ರತಿ ಸಲವೂ ಒಂದೇ: "ಮಧ್ಯಾನ ಮಲಕ್ಕೊತೀಯಾ?"

ಓದಿ, ಬಾಗಿಲು ಹಾಕಿಕೊಂಡು ಮಲಗುತ್ತೇನೆ.