ನೆಲ ಮುಟ್ಟದ ಹಕ್ಕಿ

ಆಗೆಲ್ಲ ಲೊಕ್ಕನಹಳ್ಳಿಯಲ್ಲಿ ಮಳೆ ಬಿದ್ದು ಬಿಟ್ಟ ಸಂಜೆ ಯಾರೂ ಮನೆಯೊಳಗೆ ಇರುತ್ತಿರಲಿಲ್ಲ. ಹುತ್ತದಿಂದ ರೆಕ್ಕೆಯ ಗೆದ್ದಲು, ನಮ್ಮ ಕಡೆಯ ಮಾತಿನಲ್ಲಿ ಈಸುಳ್ಳಿ, ಏಳುತ್ತಿತ್ತು. ಬಾಚಿ ತಂದು, ರೆಕ್ಕೆ ಕೇರಿ, ಹುರಿದರೆ ಬೀದಿಗೆಲ್ಲ ಘಮ. ನನ್ನ ಹಕ್ಕಿ ಹುಟ್ಟಿದ್ದು ಆ ಘಮದಲ್ಲೇ.

ನಾನಾಗ ಏಳನೇ ಕ್ಲಾಸು. ಕೊಳ್ಳೇಗಾಲದ ವಿಜ್ಞಾನ ಮೇಳಕ್ಕೆ, ಲೋಕದಲ್ಲಿಲ್ಲದ ಆದರೆ ಇರಬಹುದಾದ ಒಂದು ಪ್ರಾಣಿಯ ಚಿತ್ರ ಬರೆಯಬೇಕಿತ್ತು. ಕೇಳಿದ್ದಕ್ಕೆಲ್ಲ ಉತ್ತರವೂ ಇರಬೇಕು. ನಮ್ಮ ಶಾಲೆಗೆ ಅಲ್ಲಿಂದ ಒಂದು ಬಹುಮಾನವೂ ಬಂದಿರಲಿಲ್ಲ. ನನಗೋ ಅದು ಬೇಕೇ ಬೇಕಿತ್ತು.

ಹುಟ್ಟಿದಾಗಿನಿಂದ ಸಾಯುವತನಕ ಹಾರುತ್ತಲೇ ಇರುವ ಹಕ್ಕಿ ನನ್ನದು ಎಂದು ಅಜ್ಜಿಗೆ ಹೇಳಿದೆ. ಈಸುಳ್ಳಿ ತಿನ್ನುತ್ತದೆ, ಮಳೆಹನಿ ಕುಡಿಯುತ್ತದೆ, ಗಾಳಿಯಲ್ಲಿ ತೇಲುತ್ತಲೇ ತೂಕಡಿಸುತ್ತದೆ. ಅಜ್ಜಿ ಎಲ್ಲ ಕೇಳಿಸಿಕೊಂಡು, "ಅದೆಲ್ಲಾ ಸರಿ ಕಣ್ ಕೂಸೇ, ಮೊಟ್ಟೆ ಎಲ್ಲಿಕ್ತದೆ?" ಅಂದಳು.

ಸಿಟ್ಟಿನಲ್ಲಿ ಊಟವನ್ನೂ ಬಿಟ್ಟೆ.

ಮಾರನೇ ದಿನ ಹೊಲದಲ್ಲಿ ಅಲಸಂದೆ ಬಿಡಿಸುತ್ತಿದ್ದೆವು. ಅಜ್ಜಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಮಡಿಲು ಮಾಡಿಕೊಂಡು ಕಾಯಿ ತುಂಬುತ್ತಿದ್ದಳು. ಕಿತ್ತ ಕಾಯಿ ನೆಲ ಮುಟ್ಟುತ್ತಲೇ ಇರಲಿಲ್ಲ. ನಾನು ಮನೆಗೆ ಓಡಿದೆ. ಹಕ್ಕಿಯ ಹೊಟ್ಟೆಯ ಕೆಳಗೆ ತೊಗಲಿನ ಮಡಿಲು ಬಂತು. ಮೊಟ್ಟೆ ಅಲ್ಲೇ ಒಡೆಯುತ್ತದೆ, ರೆಕ್ಕೆ ಬಲಿತ ಮರಿ ಅಲ್ಲಿಂದಲೇ ಗಾಳಿಗೆ ಹಾರುತ್ತದೆ.

ಮೇಳದಲ್ಲಿ ತೀರ್ಪು ಕೊಡುವ ಮೇಷ್ಟ್ರು ಎಲ್ಲವನ್ನೂ ಕೇಳಿದರು, ನಾನು ಪಟಪಟ ಹೇಳಿದೆ. ಕೊನೆಗೆ ಪೆನ್ನಿನ ತುದಿಯನ್ನು ಹಕ್ಕಿಯ ಕಾಲಿನ ಮೇಲಿಟ್ಟು, "ನೆಲಕ್ಕೇ ಇಳಿಯಲ್ಲ ಅಂದ್ಮೇಲೆ ಕಾಲು ಯಾಕಮ್ಮ?" ಅಂದರು.

ಕಾಲಿನ ವಿಚಾರ ನಾನು ಯೋಚಿಸಿಯೇ ಇರಲಿಲ್ಲ. ನೋಡಿ ಬೆಳೆದದ್ದು ನಮ್ಮ ಮನೆಯ ಕೋಳಿಯನ್ನು, ಕೈ ತಾನಾಗಿ ಕೋಳಿಕಾಲನ್ನೇ ಬರೆದಿತ್ತು. ದಿಕ್ಕು ತೋಚದೆ ಬಾಗಿಲ ಕಡೆ ನೋಡಿದೆ. ಜೊತೆಗೆ ಬಂದಿದ್ದ ಅಜ್ಜಿ ನನಗೆಂದು ಕೊಂಡ ಕಡ್ಲೆಪುರಿಯನ್ನು ಮಡಿಲಲ್ಲಿ ತುಂಬಿಕೊಂಡು, ಅಡಿಯಿಂದ ಒಂದು ಕೈ ಕೊಟ್ಟು ನಿಂತಿದ್ದಳು.

"ಮಡ್ಲು ಎತ್ತಿ ಇಡ್ಕಳಕ್ಕೆ ಸಾ," ಅಂದೆ. "ಇಲ್ದಿದ್ರೆ ಮೊಟ್ಟೆ ಜಾರೋಯ್ತದೆ."

"ಹಾಗಾದ್ರೆ ಇದಕ್ಕೆ ನಡೆಯೋಕೆ ಬರಲ್ವಾ?"

"ಬರಲ್ಲ ಸಾ. ಕಲಿಯಕ್ಕೆ ಪುರುಸೊತ್ತೇ ಇಲ್ಲ."

ಮೇಷ್ಟ್ರು ಜೋರಾಗಿ ನಕ್ಕರು. ಮೊದಲ ಬಹುಮಾನ ನಮ್ಮ ಶಾಲೆಗೆ ಬಂತು. ಹಿಂದಿರುಗುವ ಬಸ್ಸಿನಲ್ಲಿ ಅಜ್ಜಿ ಕಂಡಕ್ಟರನನ್ನೂ ಬಿಡಲಿಲ್ಲ: "ನಮ್ ಕೂಸು ಒಂದ್ ಹಕ್ಕಿ ಮಾಡವ್ಳೆ ಕಣಪ್ಪಾ." ಅಂದಿನಿಂದ ಒಣಹಾಕಿದ ಬಟ್ಟೆಯ ಮೇಲೆ ಯಾವ ಹಕ್ಕಿಯ ಹಿಕ್ಕೆ ಬಿದ್ದರೂ ಬೈಗುಳ ನನ್ನ ಹಕ್ಕಿಗೇ.

ಈಗ ಬೀದಿಗೆ ಸಿಮೆಂಟು ಬಂದಿದೆ, ಹುತ್ತ ಹೋಗಿದೆ. ಈಸುಳ್ಳಿ ಹುರಿಯುವವರಿಲ್ಲ. ಬೈಯಲು ಅಜ್ಜಿಯೂ ಇಲ್ಲ, ಅದು ಈಗಲೂ ಸಂಕಟ. ಆದರೂ ಮಳೆ ಬಿಟ್ಟ ಸಂಜೆ ಅಂಗಳಕ್ಕೆ ಬಂದು ಕತ್ತೆತ್ತುತ್ತೇನೆ. ನನ್ನ ಹಕ್ಕಿ ಇನ್ನೂ ಇಳಿದಿಲ್ಲ.