ಖಾಲಾ ಹೊಡೆಯದ ಕಾಯಿ

ಓಣಿಯ ಹೆಂಗಸರಿಗೆಲ್ಲ ಬಳೆ ತೊಡಿಸಿದ ಆ ಕೈಗಳಲ್ಲಿ ಮಾತ್ರ ಒಂದು ಬಳೆಯೂ ಇರಲಿಲ್ಲ. ಗಂಡ ತೀರಿಹೋದ ಮೇಲೆ, ಓಣಿಗೆಲ್ಲ ಚಿಕ್ಕಮ್ಮನಂತಿದ್ದ ಖಾಲಾ ಹಾಕಿಕೊಳ್ಳುವುದನ್ನೇ ಬಿಟ್ಟಿದ್ದರು. ಗಾಜು ಗೀರಿ ಗೀರಿ ಬಲಗೈ ಹೆಬ್ಬೆರಳು ಒರಟಾಗಿತ್ತು. ಅದೇ ಹೆಬ್ಬೆರಳಿನಿಂದ ನಮ್ಮ ಅಂಗೈ ಒತ್ತಿ ಮೆತ್ತಗೆ ಮಾಡಿ, ಎಂಥ ಗಟ್ಟಿ ಕೈಗೂ ಸಣ್ಣ ಬಳೆ ಏರಿಸಿಬಿಡುತ್ತಿದ್ದರು. “ಕೈ ಸಡ್ಲ ಬಿಡು ಬೇಟಿ. ಬಿಗಿ ಹಿಡದಷ್ಟೂ ನೋವು ನಿನಗಽ” ಎನ್ನುತ್ತಿದ್ದರು. ನಾನು ಮದುವೆಯಾಗಿ ಸುರಪುರಕ್ಕೆ ಬಂದ ವಾರವೇ ಈ ಮಾತು ಕೇಳಿಸಿಕೊಂಡಿದ್ದೆ. ಬಳೆ ಒಡೆಯಿತು ಎಂದರೆ ಅವರಿಗೆ ಸಿಟ್ಟು. “ಒಡೀತು ಅನಬಾರದು, ಹೆಚ್ಚಾತು ಅನ್ನು” ಎಂದು ಗದರುತ್ತಿದ್ದರು.

ಪಕ್ಕದ ಮನೆಯಲ್ಲೇ ಮಗನೊಂದಿಗೆ ಇದ್ದರು. ಎರಡೂ ಮಾಳಿಗೆಗಳ ನಡುವೆ ಎದೆಮಟ್ಟದ ಒಂದು ಗೋಡೆ, ಅಷ್ಟೇ.

ಕೊರೊನಾ ಎರಡನೇ ಸಲ ಬಂದಾಗ ನನ್ನ ಯಜಮಾನರನ್ನು ಯಾದಗಿರಿಯ ಆಸ್ಪತ್ರೆಗೆ ಒಯ್ದರು. ಜೊತೆಗೆ ಹೋಗಲು ನನ್ನನ್ನು ಬಿಡಲಿಲ್ಲ. ಮಕ್ಕಳಿಲ್ಲದ ಮನೆ, ನಾನೊಬ್ಬಳೇ ಉಳಿದೆ. ಬೇರೆ ದಿನ ಬೆಳಿಗ್ಗೆ ತರಕಾರಿ ಮಾರುವವರ ಕೂಗಾದರೂ ಕೇಳುತ್ತಿತ್ತು. ಶನಿವಾರ, ಭಾನುವಾರ ಊರು ಪೂರಾ ಬಂದ್. ಫೋನು ಬಂದರೆ ಎದೆ ಧಸಕ್ ಎನ್ನುತ್ತಿತ್ತು, ಬಾರದಿದ್ದರೂ ಅದೇ.

ಅಂಥದೊಂದು ಶನಿವಾರ ಸಂಜೆ ಖಾಲಾ ಮಾಳಿಗೆಯಿಂದ ಕೂಗಿದರು. “ಬೇಟಿ, ಮ್ಯಾಲ ಬಾ. ಚೌಕಾಬಾರಾ ಆಡೂಣು.”

“ಇಂಥಾ ಹೊತ್ತಿನಾಗ ಆಟ ಏನ್ರಿ ಖಾಲಾ?”

“ಅಳಾಕ ವಾರಪೂರ್ತಿ ಐತಿ. ಶನಿವಾರ ಐತವಾರ ಆಡಿದ್ರಾತು.”

ಹತ್ತಿರ ಕೂರುವಂತಿಲ್ಲವಲ್ಲ, ಅದಕ್ಕೂ ಅವರೇ ದಾರಿ ಹುಡುಕಿದ್ದರು. ಗೋಡೆಯ ಈಚೆ ನಾನೊಂದು ಆಟದ ಮನೆ ಬರೆಯಬೇಕು, ಆಚೆ ಅವರೊಂದು. ಕಾಯಿಗಳೆಂದು ಎರಡು ಬಣ್ಣದ ಬಳೆಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿ ಈಚೆಗೆ ಎಸೆದರು, ಅಂಥವೇ ತಮ್ಮ ಕಡೆಯೂ ಇಟ್ಟುಕೊಂಡರು. ಹಸಿರು ನನ್ನವು, ಕೆಂಪು ಅವರವು. ಹುಣಸೆಬೀಜ ಎಸೆದು ಎಷ್ಟು ಬಿತ್ತೆಂದು ಕೂಗಿದರೆ, ಇಬ್ಬರೂ ತಂತಮ್ಮ ಕಡೆ ಆ ಕಾಯಿ ನಡೆಸುವುದು. ಎದುರಾಳಿಯ ಬೀಜ ಕಾಣದು, ಬಾಯಿಮಾತೇ ಗತಿ. ಆಟ ಸುರು ಮಾಡುವ ಮುಂಚೆ ಮಾತ್ರ ಇಬ್ಬರೂ ಎದ್ದು ನಿಲ್ಲಬೇಕು. “ಕೈ ಎತ್ತು, ನೋಡ್ತೇನಿ” ಎನ್ನುತ್ತಿದ್ದರು. ನಾನು ಎರಡೂ ಕೈ ಎತ್ತಿ, ಅವರೇ ತೊಡಿಸಿದ ಹಸಿರು ಬಳೆಗಳನ್ನು ಅಲುಗಿಸುತ್ತಿದ್ದೆ. “ಹಾಂ, ಕೇಳಿಸ್ತು. ಕುಂದ್ರು” ಎನ್ನುತ್ತಿದ್ದರು.

“ಆ ದೊಡ್ಡ ಹಸರು ಚೂರು ಐತಲ್ಲ, ಅದು ನಿನ್ನ ಗಂಡ. ನಡುಮನಿ ಮುಟ್ಟಸು” ಎಂದರು ಮೊದಲ ದಿನವೇ.

ಚೌಕಾಬಾರಾದಲ್ಲಿ ಎದುರಾಳಿಯ ಒಂದು ಕಾಯಿಯನ್ನಾದರೂ ಹೊಡೆಯದೆ ಒಳಸುತ್ತಿಗೆ, ಅಲ್ಲಿಂದ ಗೆಲುವಿನ ನಡುಮನೆಗೆ ಹೋಗುವಂತಿಲ್ಲ. ಹೊಡೆಸಿಕೊಂಡ ಕಾಯಿ ಮೊದಲಿನ ಮನೆಗೆ ವಾಪಸ್. ಆಟದಲ್ಲಿ ನಾನು ಯಾರಿಗೂ ದಯೆ ತೋರಿಸಿದವಳಲ್ಲ. ಸಿಕ್ಕ ಸಿಕ್ಕಲ್ಲಿ ಖಾಲಾರ ಕೆಂಪು ಚೂರು ಹೊಡೆದು ಒಳಗೆ ನುಗ್ಗುತ್ತಿದ್ದೆ. ಅವರ ಕಾಯಿಗಳು ಮಾತ್ರ ಹೊರಗೇ ಸುತ್ತುತ್ತಿದ್ದವು. ವಾರ ವಾರವೂ ಸೋಲು. ಪಾಪ, ಬೇಕಾದ ಗರವೇ ಬೀಳುತ್ತಿಲ್ಲ ಎಂದುಕೊಂಡಿದ್ದೆ.

ಒಂದು ಭಾನುವಾರ ನನ್ನ ದೊಡ್ಡ ಹಸಿರು ಚೂರು ಅವರ ಕಾಯಿಗಿಂತ ಮೂರೇ ಮನೆ ಮುಂದಿತ್ತು. ಕಾಲು ಜೋಮು ಹಿಡಿದು ಎದ್ದು ನಿಂತೆ. ಖಾಲಾ ಬೀಜ ಎಸೆದರು. ಗೋಡೆಯ ಮೇಲಿಂದ ನೋಡುತ್ತೇನೆ, ಬಿದ್ದದ್ದು ಮೂರು. ಖಾಲಾ ಕೂಗಿದ್ದು, “ಎರಡು!”

“ಮೂರು ಬಿದ್ದಾವ್ರಿ ಖಾಲಾ!”

ಅವರು ತಲೆ ಎತ್ತಲಿಲ್ಲ. “ಕಣ್ಣು ಮಂದ ಆಗ್ಯಾವ” ಎಂದರು. ನಾನು ಕದಲದೆ ನಿಂತಿದ್ದೆ. ಆಮೇಲೆ ಸಿಡುಕಿನಿಂದಲೇ ಅಂದರು, “ಅಂವ ಮನಿಗಿ ಬರೋತನ ನಿನ್ನ ಒಂದು ಕಾಯಿನೂ ನಾ ಹೊಡಿಯಂಗಿಲ್ಲ, ಹೋಗು. ನಿನಗ ಬಳಿ ಇಡಿಸಿದಾಕಿ ನಾನು.”

ಬಿಟ್ಟುಕೊಟ್ಟ ಗೆಲುವು ನನಗೆ ಬೇಕಿರಲಿಲ್ಲ. ಇನ್ಯಾರಾದರೂ ಆಗಿದ್ದರೆ ಬೀಜ ಬಿಸಾಡಿ ಕೆಳಗಿಳಿಯುತ್ತಿದ್ದೆ. ಆದರೆ ಅಷ್ಟರಲ್ಲಿ ಆ ಗಾಜಿನ ಚೂರನ್ನು ನಾನೂ ನಂಬಿಬಿಟ್ಟಿದ್ದೆ. ಸುಮ್ಮನೆ ಕೂತು ಅದನ್ನು ಓಡಿಸಿದೆ.

ಯಜಮಾನರು ಮನೆಗೆ ಬಂದರು. ಎಲುಬಿನ ಗೂಡಾಗಿದ್ದರು, ಆದರೂ ಬಂದರು. ಖಾಲಾ ಮಾಳಿಗೆಯ ಮೇಲೆ ನಿಂತು ಬರಿಗೈ ಎತ್ತಿ ದುವಾ ಮಾಡಿದ್ದನ್ನು ನೋಡಿದೆ. ಆಮೇಲೆ ಕೆಮ್ಮಿದ್ದನ್ನೂ ಕೇಳಿದೆ.

ಮುಂದಿನ ಶನಿವಾರ ಖಾಲಾ ಬೇಸಗೆಯ ಆ ಕಾವಿನಲ್ಲೂ ಶಾಲು ಹೊದ್ದು ಬಂದರು. ಬೇಡವೆಂದರೂ ಕೇಳಲಿಲ್ಲ. ಈ ಸಲ ನಾನೇ ಆ ದೊಡ್ಡ ಹಸಿರು ಚೂರನ್ನು ಅವರ ಕಾಯಿಯ ಮುಂದೆ ತಂದು ನಿಲ್ಲಿಸಿದೆ.

“ಈಗ ಹೊಡೀರಿ ಖಾಲಾ. ಅವರು ಬಂದಾರಲ್ಲ. ಹೊಡೀಲಿಲ್ಲಂದ್ರ ನೀವು ಒಳಗ ಹೋಗಾಂಗಿಲ್ರಿ.”

“ಇನ್ನೊಂದು ವಾರ ತಡಿ. ಅಂವ ಇನ್ನೂ ಗಟ್ಟಿ ಆಗಿಲ್ಲ.”

ಬೀಜ ಎಸೆದ ಸದ್ದಾಯಿತು. ಎಷ್ಟು ಬಿತ್ತೆಂದು ಹೇಳುವಷ್ಟರಲ್ಲಿ ಕೆಮ್ಮು ಬಂತು, ನಿಲ್ಲಲೇ ಇಲ್ಲ. “ಉಳದದ್ದು ನಾಳಿ ಆಡೂಣು” ಎಂದು ಮಗನ ಭುಜ ಹಿಡಿದು ಇಳಿದರು. ಮರುದಿನ ಅವರನ್ನು ಆಸ್ಪತ್ರೆಗೆ ಒಯ್ದರು. ಆ ವಾರ ದಾಟಲಿಲ್ಲ. ಪ್ಲಾಸ್ಟಿಕ್ ಅಂಗಿ ತೊಟ್ಟ ನಾಲ್ಕಾರು ಜನ ಮಣ್ಣು ಮಾಡಿದರಂತೆ. ಓಣಿಯ ಎಲ್ಲರ ಕೈ ಹಿಡಿದವರ ಕೈಯನ್ನು ಕೊನೆಗೆ ನಾವ್ಯಾರೂ ಹಿಡಿಯಲಿಲ್ಲ.

ಮತ್ತೆ ಶನಿವಾರ ಬಂತು. ಮಾಳಿಗೆ ಹತ್ತಿದೆ. ಖಾಲಾರ ಕೆಂಪು ಚೂರುಗಳೆಲ್ಲ ಹೊರಸುತ್ತಿನಲ್ಲೇ ಇದ್ದವು. ನನ್ನ ದೊಡ್ಡ ಹಸಿರು ಚೂರು ಅವುಗಳ ಮುಂದೆ ಹಾಗೆಯೇ ನಿಂತಿತ್ತು. ಹೊಡೆಯದೆ ಒಳಗೆ ಹೋಗುವಂತಿಲ್ಲ ಎಂಬುದು ಆಟದ ಕಟ್ಟಳೆ. ಇರಲಿ. ಕೆಂಪು ಚೂರುಗಳನ್ನು ಒಂದೊಂದಾಗಿ ಎತ್ತಿ ನಡುಮನೆಯಲ್ಲಿ ಇಟ್ಟೆ. “ನೀವು ಗೆದ್ರಿ ಖಾಲಾ” ಎಂದೆ, ಗೋಡೆಯಾಚೆ ಕೇಳುವಷ್ಟು ಜೋರಾಗಿ.

“ಯಾರ ಜೋಡಿ ಮಾತಾಡಾಕತ್ತಿ?” ಯಜಮಾನರು ಕೆಳಗಿನಿಂದ ಕೇಳಿದರು. ದನಿ ಗಟ್ಟಿಯಾಗಿತ್ತು.

ಆಚೆ ಮಾಳಿಗೆಯ ಕಡೆ ತಿರುಗಿ, ಎರಡೂ ಕೈ ಎತ್ತಿ ಬಳೆ ಅಲುಗಿಸಿದೆ.